ನಿಲ್ಲದೆ ಹೋಗುವವರಿಗೆ ಜಾಝ್ ಕೇಳಿಸುವುದು ಹೇಗೆ?

ಪ್ರಶ್ನೆ: ನನ್ನ ಊರು ಪುತ್ತೂರು. ಚಿಕ್ಕಂದಿನಿಂದ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೇನೆ. ಗುರುಗಳ ಜೊತೆ ದೇವಸ್ಥಾನದ ಉತ್ಸವಗಳಲ್ಲಿ, ಮದುವೆಗಳಲ್ಲಿ ನುಡಿಸಿದ್ದೇನೆ. ಈಗ ನ್ಯೂಯಾರ್ಕಿನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ಜಾಝ್ ಹುಚ್ಚು ಹತ್ತಿತು, ಪಾಠಕ್ಕೂ ಹೋಗುತ್ತಿದ್ದೇನೆ. ಈ ಬೇಸಿಗೆಯಿಂದ ಶನಿವಾರ, ಭಾನುವಾರ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಒಬ್ಬನೇ ನಿಂತು ನುಡಿಸುತ್ತೇನೆ. ಜನ ಬರುತ್ತಾರೆ, ಹತ್ತು ಸೆಕೆಂಡು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ, ಹೊರಟುಹೋಗುತ್ತಾರೆ. ನನ್ನ ಸೋಲೋ (ಹಾಡಿನ ಮೇಲೆ ಆಗಲೇ ಹೊಸದಾಗಿ ಕಟ್ಟಿ ನುಡಿಸುವ ಭಾಗ) ಚೆನ್ನಾಗಿ ಬರುತ್ತಿರುವಾಗಲೇ ಎದುರಿನ ಬೆಂಚು ಖಾಲಿಯಾಗಿರುತ್ತದೆ. 'ಜಾಝ್ ಗೊತ್ತಿದ್ದವರಿಗೆ ಮಾತ್ರ, ಪಾಪ್ ಹಾಡು ನುಡಿಸು' ಅನ್ನುತ್ತಾನೆ ರೂಮ್‌ಮೇಟ್. ಆಂಪ್ಲಿಫೈಯರ್, ಬ್ಯಾಕಿಂಗ್ ಟ್ರ್ಯಾಕ್ (ಮೊದಲೇ ಮುದ್ರಿಸಿದ ಹಿನ್ನೆಲೆ ವಾದ್ಯಗಳು) ತೆಗೆದುಕೊಳ್ಳಬೇಕೇ? ಜನರ ಮುಖ ನೋಡಲು ಸಂಕೋಚ, ಕಣ್ಣು ಮುಚ್ಚಿಯೇ ನುಡಿಸುತ್ತೇನೆ. ಮುಂದೆ ವಾದ್ಯದ ಪೆಟ್ಟಿಗೆಯನ್ನು ಹಣಕ್ಕೆಂದು ತೆರೆದಿಟ್ಟಿದ್ದು ವಿಡಿಯೊ ಕಾಲ್‌ನಲ್ಲಿ ಕಂಡು 'ಅಲ್ಲಿ ಹೋಗಿ ಬೇಡುತ್ತಿದ್ದೀಯಾ' ಎಂದು ಅಮ್ಮ ಅತ್ತುಬಿಟ್ಟರು. ಚಳಿ ಬಂದ ಮೇಲೆ ಎಲ್ಲಿ ನುಡಿಸಬೇಕೋ ತಿಳಿಯದು. ಇದನ್ನು ಬಿಟ್ಟುಬಿಡಲೇ? ರೆಕಾರ್ಡಿಂಗ್ ಒಂದನ್ನು ಕಳಿಸಿದ್ದೇನೆ.

ಉತ್ತರ: ರೆಕಾರ್ಡಿಂಗನ್ನು ಪೂರ್ತಿ ಕೇಳಿದೆ. ಮೊದಲು ಅದರ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದ ಎಲ್ಲ ಪ್ರಶ್ನೆಗಳ ಅಡಿಯಲ್ಲಿ ಇರುವ ಭಯ 'ನನ್ನ ಕೈಯಲ್ಲಿ ಇದು ಆಗುವುದಿಲ್ಲವೇನೋ' ಎಂಬುದು. ನಿಮ್ಮ ನಾದ ತುಂಬಿದೆ, ಉಸಿರು ಗಟ್ಟಿಯಾಗಿದೆ, ತಾಳ ಅಲುಗಾಡುವುದಿಲ್ಲ. ಉತ್ಸವದಲ್ಲಿ ಗಂಟೆಗಟ್ಟಲೆ ನುಡಿಸಿದವರಿಗೆ ಬರುವ ಗಟ್ಟಿತನ ಅದು. ಜನ ನಿಲ್ಲದಿರಲು ನಿಮ್ಮ ವಾದನದ ಮಟ್ಟ ಕಾರಣವಲ್ಲ. ಕಾರಣ ನೀವು ಆರಿಸಿಕೊಂಡ ಕಟ್ಟಿನಲ್ಲಿದೆ, ಅಂದರೆ ಹಾಡನ್ನು ಜೋಡಿಸಿದ ರೀತಿಯಲ್ಲಿ. ಅದು ಕ್ಲಬ್ಬಿನಲ್ಲಿ ಟಿಕೆಟ್ ಕೊಂಡು ಕುಳಿತವರಿಗೆಂದು ಆದ ಕಟ್ಟು. ಬೀದಿಗೆ ಅದನ್ನು ಹಾಗೆಯೇ ತಂದಿದ್ದೀರಿ.

ಸ್ವಲ್ಪ ಲೆಕ್ಕ ಹಾಕೋಣ. ರೆಕಾರ್ಡಿಂಗಿನಲ್ಲಿ ನೀವು 32 ಬಾರ್‌ಗಳ ಒಂದು ಹಳೆಯ ಸ್ಟ್ಯಾಂಡರ್ಡ್, ಅಂದರೆ ಜಾಝ್ ವಾದಕರೆಲ್ಲ ನುಡಿಸುವ ಹಾಡು, ನುಡಿಸಿದ್ದೀರಿ. ಬಾರ್ ಎಂದರೆ ತಾಳದ ಒಂದು ಅಳತೆ. ವೇಗ ನಿಮಿಷಕ್ಕೆ ಸುಮಾರು 120 ಬೀಟ್. ಬಾರಿಗೆ ನಾಲ್ಕು ಬೀಟ್‌ನಂತೆ ಒಂದು ಕೋರಸ್ (ಹಾಡಿನ ಒಂದು ಪೂರ್ತಿ ಸುತ್ತು) ಎಂದರೆ 128 ಬೀಟ್, ಅಂದರೆ 64 ಸೆಕೆಂಡು. ಮೊದಲು ಒಮ್ಮೆ ಹಾಡಿನ ಧಾಟಿ, ಆಮೇಲೆ ಏಳು ಕೋರಸ್ ಸೋಲೋ, ಕೊನೆಗೆ ಮತ್ತೊಮ್ಮೆ ಧಾಟಿ. ಒಟ್ಟು ಒಂಬತ್ತೂವರೆ ನಿಮಿಷ. ಇನ್ನು ನಡೆದು ಹೋಗುವವರ ಕಡೆಯಿಂದ ನೋಡಿ. ಮನುಷ್ಯ ಸಾಧಾರಣವಾಗಿ ಸೆಕೆಂಡಿಗೆ 1.3 ಮೀಟರ್ ನಡೆಯುತ್ತಾನೆ. ಪಾರ್ಕಿನ ಗದ್ದಲದಲ್ಲಿ ನಿಮ್ಮ ವಾದ್ಯದ ಧಾಟಿ ಸ್ಪಷ್ಟವಾಗಿ ಕಿವಿಗೆ ಬೀಳುವುದು ಈಚೆಗೊಂದು 20 ಮೀಟರ್, ಆಚೆಗೊಂದು 20 ಮೀಟರ್. ಅಷ್ಟು ದೂರ ದಾಟಲು ಅರ್ಧ ನಿಮಿಷ ಸಾಕು. ನಿಮಗೆ ಸಿಗುವ ಕೇಳುಗ ಅರ್ಧ ನಿಮಿಷದ ಕೇಳುಗ. ಅವನು ನಿಮ್ಮ ಒಂದು ಕೋರಸ್ಸನ್ನೂ ಪೂರ್ತಿ ಕೇಳಲಾರ. ಹತ್ತರಲ್ಲಿ ಸುಮಾರು ಏಳು ಪಾಲು ಸಂದರ್ಭಗಳಲ್ಲಿ ಅವನು ಸೋಲೋದ ನಡುವೆ ಬರುತ್ತಾನೆ, ಸೋಲೋದ ನಡುವೆಯೇ ಹೋಗಿಬಿಡುತ್ತಾನೆ. ಮೂಲ ಧಾಟಿ ಏನೆಂದು ಅವನಿಗೆ ಗೊತ್ತೇ ಆಗುವುದಿಲ್ಲ. ಧಾಟಿ ಗೊತ್ತಿಲ್ಲದವನಿಗೆ ನೀವು ಅದನ್ನು ಎಷ್ಟು ಸೊಗಸಾಗಿ ಬಾಗಿಸಿದಿರಿ, ಎಲ್ಲಿ ಮುರಿದಿರಿ, ಎಲ್ಲಿ ಕೂಡಿಸಿದಿರಿ ಎಂಬುದು ಹೇಗೆ ತಿಳಿದೀತು? ಅವನ ಕಿವಿಗೆ ಬಿದ್ದದ್ದು ಬರಿಯ ಸ್ವರಗಳ ಓಟ.

ಕುಳಿತು ಕೇಳುವವರ ವಿಷಯ ಬೇರೆ. ಅವರು ಮೊದಲಿನಿಂದ ಇದ್ದಾರೆ, ಧಾಟಿ ಕಿವಿಯಲ್ಲಿದೆ, ಸೋಲೋ ಎಷ್ಟು ದೂರ ಹೋದರೂ ಒಳಗೆ ಅದು ಗುನುಗುತ್ತಿರುತ್ತದೆ.

'ಜಾಝ್ ಗೊತ್ತಿದ್ದವರಿಗೆ ಮಾತ್ರ' ಎಂಬ ಮಾತು ಬಂದದ್ದೂ ಇಲ್ಲಿಂದಲೇ. ನಿಮ್ಮ ರೂಮ್‌ಮೇಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಜಾಝ್‌ನ ಒಂದು ಕಾಲದ ಮಾತು. 1940ರ ದಶಕದ ಆರಂಭದಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಂಥ ಕ್ಲಬ್ಬುಗಳಲ್ಲಿ ಬೀಬಾಪ್ ಎಂಬ ಜಾಝ್ ಶೈಲಿ ಹುಟ್ಟಿತು. ವಾದಕರು ರಾತ್ರಿಯ ಕೆಲಸ ಮುಗಿಸಿ ಬಂದು ಒಬ್ಬರಿಗೊಬ್ಬರು ಸವಾಲು ಹಾಕಿಕೊಂಡು ನುಡಿಸಿದ ಸಂಗೀತ ಅದು. ವೇಗ ಹೆಚ್ಚು, ಸೋಲೋ ದೀರ್ಘ, ಕುಣಿತಕ್ಕೆ ಎಡೆ ಕಡಿಮೆ. ಅದೇ ಇವತ್ತು ಪಾಠದ ಮನೆಗಳಲ್ಲಿ ಜಾಝ್‌ನ ಬುನಾದಿ, ನೀವು ಕಲಿಯುತ್ತಿರುವುದೂ ಅದನ್ನೇ. ಅದು ಮಹತ್ತರವಾದ ಸಂಗೀತ, ಕಲಿಯಲೇಬೇಕು. ಆದರೆ ಅದಕ್ಕೂ ಹಿಂದೆ ಕೆಲವು ದಶಕ ಈ ಸಂಗೀತ ಹೊರಗಿನ ಬಯಲಿನದು. ನ್ಯೂ ಆರ್ಲಿಯನ್ಸ್‌ನ ಕಾಂಗೊ ಸ್ಕ್ವೇರ್‌ನಲ್ಲಿ ಭಾನುವಾರಗಳಂದು ಗುಲಾಮಗಿರಿಯಲ್ಲಿದ್ದ ಆಫ್ರಿಕನ್ನರು ಸೇರಿ ಬಾರಿಸಿ ಕುಣಿಯುತ್ತಿದ್ದರು. ಮುಂದೆ ಅದೇ ಊರಿನ ಬೀದಿಗಳಲ್ಲಿ ಬ್ರಾಸ್ ಬ್ಯಾಂಡ್‌ಗಳು ಶವಯಾತ್ರೆಗೂ ಮೆರವಣಿಗೆಗೂ ನುಡಿಸಿದವು. ಬ್ಯಾಂಡಿನ ಹಿಂದೆ ಕುಣಿಯುತ್ತ ಸೇರಿಕೊಳ್ಳುವ ಜನಕ್ಕೆ ಸೆಕೆಂಡ್ ಲೈನ್ ಎಂದೇ ಹೆಸರು. ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿದ್ದಾಗ ಕಾರ್ನೊಫ್ಸ್ಕಿ ಎಂಬ ಕುಟುಂಬದ ಗುಜರಿ ಗಾಡಿಯ ಮೇಲೆ ಕುಳಿತು ತಗಡಿನ ಪೀಪಿ ಊದಿ ಗಿರಾಕಿಗಳನ್ನು ಕರೆಯುತ್ತಿದ್ದ. ಗೆಳೆಯರ ಜೊತೆ ಬೀದಿಯಲ್ಲಿ ಹಾಡಿ ಚಿಲ್ಲರೆ ಸಂಪಾದಿಸುತ್ತಿದ್ದ. ಜಾಝ್‌ನ ಬಹುದೊಡ್ಡ ಏಕವಾದಕ ಎನಿಸಿಕೊಂಡವನ ಕಿವಿ ತಯಾರಾದದ್ದು ನಡೆದು ಹೋಗುವ ಜನರ ನಡುವೆ.

ಬೀದಿ ವಾದಕರ ನಡುವೆ ಇನ್ನೊಂದು ನಂಬಿಕೆ ಓಡಾಡುತ್ತದೆ: 'ಜೋಶುವಾ ಬೆಲ್ ನುಡಿಸಿದರೇ ಯಾರೂ ನಿಲ್ಲಲಿಲ್ಲ, ಇನ್ನು ನಾವೇನು?' ಈ ಕಥೆಯನ್ನು ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. 2007ರ ಜನವರಿ 12ರಂದು ಆ ಪ್ರಸಿದ್ಧ ಪಿಟೀಲು ವಾದಕ ವಾಷಿಂಗ್ಟನ್ ಡಿ.ಸಿ.ಯ ಮೆಟ್ರೊ ನಿಲ್ದಾಣವೊಂದರಲ್ಲಿ ಟೋಪಿ ಹಾಕಿಕೊಂಡು 43 ನಿಮಿಷ ನುಡಿಸಿದರು. ದಾಟಿ ಹೋದವರು 1,097 ಮಂದಿ, ಒಂದು ನಿಮಿಷವಾದರೂ ನಿಂತವರು ಏಳು ಮಂದಿ. ಇದನ್ನು ಜನರ ಅರಸಿಕತನಕ್ಕೆ ಪುರಾವೆಯಾಗಿ ಹೇಳುವವರನ್ನು ಕಂಡರೆ ನನಗೆ ಬೇಸರ. ಅದು ಶುಕ್ರವಾರ ಬೆಳಿಗ್ಗೆ ಎಂಟರ ಹೊತ್ತು. ನಿಂತ ಜಾಗ ಸರ್ಕಾರಿ ಕಚೇರಿಗಳ ನಡುವಿನ ನಿಲ್ದಾಣದ ಬಾಗಿಲು. ಎಲ್ಲರೂ ಕೆಲಸಕ್ಕೆ ಓಡುವವರು. ಮೊದಲಿಗೆ ಎತ್ತಿಕೊಂಡದ್ದು ಬಾಖ್‌ನ ಶಕೋನ್. ಹದಿನಾಲ್ಕು ನಿಮಿಷ ಕುಳಿತು ಕೇಳಬೇಕಾದ ಕೃತಿ ಅದು. ಸಂಗೀತ ಶ್ರೇಷ್ಠವಾಗಿತ್ತು, ಜನರೂ ಒಳ್ಳೆಯವರೇ. ಆದರೆ ಆ ಹೊತ್ತು, ಆ ಬಾಗಿಲು, ಆ ಕೃತಿ ಒಂದಕ್ಕೊಂದು ಕೂಡಲಿಲ್ಲ. ದಿನವೂ ಬೀದಿಯಲ್ಲಿ ನುಡಿಸುವ ಯಾರನ್ನು ಕೇಳಿದರೂ ಆ ಹೊತ್ತಿಗೆ ಆ ಬಾಗಿಲಲ್ಲಿ ನಿಲ್ಲಬೇಡಿ ಎನ್ನುತ್ತಿದ್ದರು.

ಈಗ ನಿಮ್ಮ ಸಮಸ್ಯೆಗೆ ಮದ್ದು. ಅದು ನಿಮ್ಮ ಗುರುಗಳ ಮನೆಯಲ್ಲೇ ಇದೆ. ಗುರುಗಳು ಕೃತಿಯ ಒಂದು ಸಾಲು ಹಿಡಿದು ಕಲ್ಪನಾಸ್ವರ ನುಡಿಸುವಾಗ ಏನು ಮಾಡುತ್ತಿದ್ದರು, ನೆನಪಿಸಿಕೊಳ್ಳಿ. ಮೊದಲು ತಾಳದ ಅರ್ಧ ಆವರ್ತನ, ಆ ಸಾಲಿನ ಎಡುಪಿಗೆ (ಸಾಲು ಶುರುವಾಗುವ ಜಾಗಕ್ಕೆ) ವಾಪಸು. ಆಮೇಲೆ ಒಂದು ಆವರ್ತನ, ಮತ್ತೆ ಸಾಲಿಗೆ ವಾಪಸು. ಎಷ್ಟೇ ದೂರ ಹೋದರೂ ಪ್ರತಿ ಸುತ್ತಿಗೂ ಅದೇ ಸಾಲಿಗೆ ಬಂದು ಇಳಿಯುತ್ತಿದ್ದರು. ಮದುವೆ ಮನೆಯಲ್ಲಿ ಊಟದ ಎಲೆಯ ಕಡೆಗೆ ಹೊರಟವರೂ ಆ ಇಳಿದಾಣಕ್ಕೆ ತಲೆ ಆಡಿಸುತ್ತಿದ್ದರಲ್ಲವೇ? ಸ್ವರ ಗೊತ್ತಿಲ್ಲದವರಿಗೂ 'ಬಂದ, ಸರಿಯಾಗಿ ಬಂದ' ಎಂಬುದು ತಿಳಿಯುತ್ತಿತ್ತು. ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲ್‌ನಲ್ಲಂತೂ ಸಾಲು ಕೈಬಿಡುವುದೇ ಇಲ್ಲ.

ಇದನ್ನು ಜಾಝ್‌ಗೆ ತನ್ನಿ. ಏಳು ಕೋರಸ್ ಸೋಲೋ ಬೇಡ, ಒಂದೋ ಎರಡೋ ಸಾಕು. ಪ್ರತಿ ಕೋರಸ್ಸಿನ ಕೊನೆಯ ಎಂಟು ಬಾರ್ ಮೂಲ ಧಾಟಿಗೇ ಬಿಡಿ. 120ರ ವೇಗದಲ್ಲಿ ಎಂಟು ಬಾರ್ ಅಂದರೆ 16 ಸೆಕೆಂಡು. ಆಗ ಯಾವ ಗಳಿಗೆಯಲ್ಲಿ ಯಾರು ದಾಟಿದರೂ ಅವರಿಗೆ ಧಾಟಿಯ ಒಂದು ತುಣುಕು ಸಿಗುವ ಸಂಭವ ತೀರಾ ಹೆಚ್ಚುತ್ತದೆ. ಮಧ್ಯದ ಭಾಗದಲ್ಲೂ ಧಾಟಿಯನ್ನೇ ಸ್ವಲ್ಪ ಹಿಂದೆ ಮುಂದೆ ಎಳೆದು, ಒಂದೆರಡು ಸ್ವರ ಬದಲಿಸಿ ನುಡಿಸಿ. ಆರ್ಮ್‌ಸ್ಟ್ರಾಂಗ್ ಮಾಡಿದ್ದು ಬಹುಪಾಲು ಇದನ್ನೇ. ಜಾಝ್ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಹಾಡಿನ ಸಾಹಿತ್ಯ ತಿಳಿದುಕೊಂಡೇ ಅದನ್ನು ನುಡಿಸಬೇಕು ಎನ್ನುತ್ತಿದ್ದರು. ಸಾಹಿತ್ಯ ಮನಸ್ಸಿನಲ್ಲಿಟ್ಟುಕೊಂಡು ಊದುವುದು ನಿಮಗೆ ಹೊಸದಲ್ಲ, ಕೃತಿ ಕಲಿತದ್ದೇ ಹಾಗೆ.

12 ಬಾರ್‌ಗಳ ಬ್ಲೂಸ್ ಎಂಬ ಹಾಡಿನ ಬಗೆ ಇನ್ನೂ ಒಳ್ಳೆಯ ಗೆಳೆಯ. ಅದೇ ವೇಗದಲ್ಲಿ ಒಂದು ಸುತ್ತು 24 ಸೆಕೆಂಡು. ನಡೆದು ಹೋಗುವವರ ಅರ್ಧ ನಿಮಿಷದೊಳಗೆ ಒಂದು ಸುತ್ತು ಪೂರ್ತಿ ಹಿಡಿಸುತ್ತದೆ. ಮೊದಲ ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಉತ್ತರ: ಹೆಚ್ಚಿನ ಬ್ಲೂಸ್‌ಗಳ ಕಟ್ಟು ಇದು. ಎರಡನೇ ಸಲ ಕೇಳುವಾಗಲೇ ಕೇಳುಗನಿಗೆ ಪರಿಚಯವಾಗಿರುತ್ತದೆ, ಉತ್ತರಕ್ಕೆ ಕಾಯುತ್ತಾನೆ. ಕಾಯತೊಡಗಿದವನ ಕಾಲು ತಾನಾಗಿ ನಿಧಾನವಾಗುತ್ತದೆ. ನಿಮ್ಮ ಮೊದಲ ಅರ್ಧ ಗಂಟೆಯಲ್ಲಿ ಪ್ರತಿ ಎರಡು ಹಾಡಿಗೆ ಒಂದು ಬ್ಲೂಸ್ ಇರಲಿ. ಶುದ್ಧ ಧನ್ಯಾಸಿಯ ಐದು ಸ್ವರಗಳೂ ಬ್ಲೂಸ್ ವಾದಕರು ಬಳಸುವ ಐದು ಸ್ವರಗಳ ಮೈನರ್ ಸ್ಕೇಲೂ ಒಂದೇ ಎಂಬುದನ್ನು ನೀವು ಗಮನಿಸಿಯೇ ಇರುತ್ತೀರಿ. ಗಮಕವನ್ನು ಅಲ್ಲಿ ಅಡಗಿಸಿಕೊಳ್ಳಬೇಡಿ. ಗಾಂಧಾರವನ್ನು ಜಾರಿಸಿ ತೂಗುವುದು ಬ್ಲೂಸ್‌ನ ಜೀವ, ಅದಕ್ಕೆ ಬೇಕಾದ ಬಾಯಿ ನಿಮಗೆ ಚಿಕ್ಕಂದಿನಲ್ಲೇ ತಯಾರಾಗಿದೆ. ರೆಕಾರ್ಡಿಂಗಿನಲ್ಲಿ ಅದನ್ನು ಪೂರ್ತಿ ಒರೆಸಿಹಾಕಿ, ಪಾಠದ ಜಾಝ್‌ನವರಂತೆ ಕೇಳಿಸಲು ಹೆಣಗಿದ್ದೀರಿ. ನನಗೆ ನಿಜಕ್ಕೂ ನೋವಾದದ್ದು ಅದೊಂದಕ್ಕೆ. ಕದ್ರಿ ಗೋಪಾಲನಾಥರನ್ನು 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಮಾರುಹೋಗಿ ಜೊತೆಯಲ್ಲಿ ನುಡಿಸಿದರು. 2008ರಲ್ಲಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪನವರ ಜೊತೆ ಆಲ್ಬಮ್ ಮಾಡಿದರು. ನ್ಯೂಯಾರ್ಕಿನ ಜಾಝ್ ಕಿವಿಗಳಿಗೆ ನಿಮ್ಮ ಕರಾವಳಿಯ ಸ್ಯಾಕ್ಸೊಫೋನ್ ಹೊಸತಲ್ಲ.

ಪಾಪ್ ಹಾಡು ನುಡಿಸಬೇಕೇ ಎಂಬ ಪ್ರಶ್ನೆಗೆ ಬರುತ್ತೇನೆ. ನುಡಿಸಿದರೆ ಜಾಝ್ ಕೆಡುವುದಿಲ್ಲ. ಇವತ್ತು ನಾವು ಸ್ಟ್ಯಾಂಡರ್ಡ್ ಎಂದು ಗೌರವಿಸುವ ಹಾಡುಗಳಲ್ಲಿ ದೊಡ್ಡ ಪಾಲು 1920ರಿಂದ 1940ರ ದಶಕದವರೆಗಿನ ಬ್ರಾಡ್‌ವೇ ನಾಟಕಗಳ, ಸಿನಿಮಾಗಳ ಹಾಡುಗಳೇ. ಅವು ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದವು, ಅದಕ್ಕೇ ಅವುಗಳ ಮೇಲೆ ಕಟ್ಟಿದ ಸೋಲೋ ಎಲ್ಲರಿಗೂ ಹಿಡಿಯಿತು. ಹಾಗಾಗಿ ಗಂಟೆಗೆ ಎರಡೋ ಮೂರೋ ಎಲ್ಲರಿಗೂ ಗೊತ್ತಿರುವ ಧಾಟಿ ಇರಲಿ. ಆದರೆ ಇಲ್ಲಿ ಒಂದು ಅಪಾಯವಿದೆ. ಪಾಪ್ ಹಾಡಿಗೆ ನಿಲ್ಲುವವರು ಹಾಡಿಗಾಗಿ ನಿಲ್ಲುತ್ತಾರೆ, ಅದು ಮುಗಿದಾಗ ಹೋಗುತ್ತಾರೆ ಅಥವಾ ಇನ್ನೊಂದು ಹಾಡಿನ ಹೆಸರು ಹೇಳುತ್ತಾರೆ. ಒಂದು ಬೇಸಿಗೆ ಹಾಗೆ ಕಳೆದರೆ ನೀವು ಬೇಡಿಕೆಯ ಹಾಡು ನುಡಿಸುವವರಾಗಿರುತ್ತೀರಿ, ಸ್ವಿಂಗ್, ಅಂದರೆ ಜಾಝ್ ಲಯದ ಆ ತೂಗಾಟ, ಮರೆತಿರುತ್ತದೆ. ಒಳ್ಳೊಳ್ಳೆಯ ವಾದಕರು ಹೀಗೆ ಬೇಸತ್ತು ಬೀದಿ ಬಿಟ್ಟದ್ದನ್ನು ಕಂಡಿದ್ದೇನೆ. ನಿಮಗೆ ನಿಜವಾಗಿ ಇಷ್ಟವಾಗುವ, ಸೋಲೋ ಕಟ್ಟಲು ಜಾಗವಿರುವ ಹಾಡುಗಳನ್ನು ಮಾತ್ರ ಆರಿಸಿಕೊಳ್ಳಿ.

ಇನ್ನೊಂದನ್ನು ನೀವು ತೊಡಕೆಂದು ಬರೆದಿಲ್ಲ, ಅದು ತೊಡಕೆಂದು ರೆಕಾರ್ಡಿಂಗ್ ಹೇಳಿತು. ನೀವು ಒಂಟಿ. ಆಲ್ಟೊ ಒಂದೇ ನುಡಿಯುತ್ತಿರುವಾಗ ಬೀಟ್ ನಿಮ್ಮ ತಲೆಯೊಳಗಿದೆ, ಹೊರಗೆ ಕೇಳುವುದಿಲ್ಲ. ಊರಿನಲ್ಲಿ ಪಕ್ಕದಲ್ಲಿ ತವಿಲ್ ಇತ್ತು. ಅದು ಆ ಬೀದಿಯ ಜನಕ್ಕೆ ತಾಳ ತೋರಿಸುತ್ತಿತ್ತು. ಇಲ್ಲಿ ಕಾರ್ಡ್‌ಗಳೂ (ಧಾಟಿಗೆ ಆಸರೆಯಾಗಿ ಒಟ್ಟಿಗೆ ನುಡಿಯುವ ಸ್ವರಗಳು) ಇಲ್ಲ, ತಾಳವೂ ಇಲ್ಲ, ಎರಡನ್ನೂ ಕೇಳುಗ ಊಹಿಸಿಕೊಳ್ಳಬೇಕು. ಯಾರು ಊಹಿಸಿಕೊಂಡಾರು?

ಇದಕ್ಕೆ ನೀವು ಕಂಡುಕೊಂಡ ದಾರಿ ಆಂಪ್ಲಿಫೈಯರ್ ಮತ್ತು ಬ್ಯಾಕಿಂಗ್ ಟ್ರ್ಯಾಕ್. ಅನುಕೂಲವಿದೆ: ಕಾರ್ಡ್ ಕೇಳಿಸುತ್ತದೆ, ಬೀಟ್ ಕೇಳಿಸುತ್ತದೆ, ಒಬ್ಬರೇ ನಿಭಾಯಿಸಬಹುದು. ತೊಂದರೆ ಮೂರು. ನ್ಯೂಯಾರ್ಕಿನಲ್ಲಿ ಹೊರಗೆ ಧ್ವನಿವರ್ಧಕ ಬಳಸಲು ಪೊಲೀಸ್ ಠಾಣೆಯ ಪರವಾನಗಿ ಬೇಕು, ಪಾರ್ಕಿನೊಳಗಾದರೆ ಪಾರ್ಕ್ಸ್ ಇಲಾಖೆಯ ಅನುಮತಿಯೂ ಬೇಕು. ಧ್ವನಿವರ್ಧಕವಿಲ್ಲದ ಒಂಟಿ ವಾದನಕ್ಕೆ ಇಷ್ಟು ರಗಳೆಯಿಲ್ಲ. ಎರಡನೆಯದು, ದೂರದಿಂದಲೇ ಚೆನ್ನಾಗಿ ಕೇಳಿಸಿದರೆ ಹತ್ತಿರ ಬರುವ ಅಗತ್ಯವೇ ಇರುವುದಿಲ್ಲ. ಜನ ಆಚೆಯ ಬೆಂಚಿನಲ್ಲೇ ಉಳಿಯುತ್ತಾರೆ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಟ್ರ್ಯಾಕ್ ಯಾರನ್ನೂ ನೋಡುವುದಿಲ್ಲ. ಒಂದು ಮಗು ಅಪ್ಪನ ಕೈ ಬಿಡಿಸಿಕೊಂಡು ಬಂದು ಕುಣಿಯತೊಡಗಿತು ಅಂದುಕೊಳ್ಳಿ. ನೀವು ಇನ್ನೊಂದು ಕೋರಸ್ ಹಿಗ್ಗಿಸಬೇಕು, ಅದರ ಹೆಜ್ಜೆಗೆ ತಕ್ಕಂತೆ ವೇಗ ಇಳಿಸಬೇಕು. ಟ್ರ್ಯಾಕ್ ಬಿಡುವುದಿಲ್ಲ.

ನನ್ನ ಸಲಹೆ, ಒಬ್ಬ ಜೊತೆಗಾರನನ್ನು ಹುಡುಕಿ. ವಾಷಿಂಗ್ಟನ್ ಸ್ಕ್ವೇರ್‌ನಲ್ಲೇ ವಾರಾಂತ್ಯದಲ್ಲಿ ಗಿಟಾರ್, ಡಬಲ್ ಬಾಸ್ ಹೊತ್ತು ತರುವವರು ಸಿಗುತ್ತಾರೆ. ನ್ಯೂ ಆರ್ಲಿಯನ್ಸ್‌ನ ರಾಯಲ್ ಸ್ಟ್ರೀಟಿನಲ್ಲಿ 1980ರ ದಶಕದ ಕೊನೆಯಿಂದ ಕ್ಲಾರಿನೆಟ್ ನುಡಿಸುತ್ತಿರುವ ಡೋರೀನ್ ಕೆಚೆನ್ಸ್ ಅವರ ವಿಡಿಯೊಗಳನ್ನು ನೋಡಿ. ಪಕ್ಕದಲ್ಲಿ ಪತಿ ಲಾರೆನ್ಸ್ ಸೂಸಫೋನ್ ಎಂಬ ಮಂದ್ರದ ದೊಡ್ಡ ಹಿತ್ತಾಳೆ ವಾದ್ಯ ಊದುತ್ತಾರೆ, ಮಗಳು ಡೋರಿಯನ್ ಡ್ರಮ್ಸ್. ಸೂಸಫೋನಿನ ಒಂದೊಂದು ಸ್ವರವೂ ಬೀದಿಯ ಆ ತುದಿಗೆ ಹೆಜ್ಜೆಯ ಲೆಕ್ಕ ಮುಟ್ಟಿಸುತ್ತದೆ, ವಿದ್ಯುತ್ ಬೇಡ. ಅದರ ಮೇಲೆ ಕ್ಲಾರಿನೆಟ್ ಎಷ್ಟು ಎತ್ತರಕ್ಕೆ ಹಾರಿದರೂ ಜನ ದಿಕ್ಕು ತಪ್ಪುವುದಿಲ್ಲ. ಮುಖ್ಯವಾಗಿ ಅವರು ಹಾಡಿನಿಂದ ಹಾಡಿಗೆ ಹೋಗುವ ರೀತಿ ನೋಡಿ: ಚಪ್ಪಾಳೆ, ಎರಡು ಮಾತು, ಆಗಲೇ ಮುಂದಿನ ಹಾಡು. ಜೊತೆಗಾರ ಸಿಗುವವರೆಗೆ ಕಾಲಿಗೆ ಕಟ್ಟುವ ಟ್ಯಾಂಬರೀನ್ ಗಿಲಕಿಯೊಂದು ಸಾಕು. ಎರಡನೇ ಮತ್ತು ನಾಲ್ಕನೇ ಬೀಟಿಗೆ ಹೆಜ್ಜೆ ಹಾಕಿ. ಅದು ಶಬ್ದವನ್ನೂ ಕೊಡುತ್ತದೆ, ಬೀಟ್ ಎಲ್ಲಿದೆ ಎಂದು ಕಣ್ಣಿಗೂ ತೋರಿಸುತ್ತದೆ.

ಕಣ್ಣಿನ ಮಾತು ಬಂತು. ಕಣ್ಣು ಮುಚ್ಚಿ ನುಡಿಸುವುದು ತಪ್ಪಲ್ಲ, ಸೋಲೋದ ನಡುವೆ ಮುಚ್ಚಿಕೊಳ್ಳಲಿ. ಆದರೆ ಇಡೀ ಹೊತ್ತು ಮುಚ್ಚಿದ ಕಣ್ಣು ಎದುರಿನವರಿಗೆ 'ನನ್ನ ಅಭ್ಯಾಸ ನಡೆದಿದೆ, ತೊಂದರೆ ಕೊಡಬೇಡಿ' ಎಂದು ಹೇಳುತ್ತದೆ. ಜಾಝ್ ಸ್ಯಾಕ್ಸೊಫೋನ್ ವಾದಕ ಸಾನಿ ರಾಲಿನ್ಸ್ 1959ರಿಂದ ಎರಡು ವರ್ಷ ಇದೇ ಊರಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ನುಡಿಸಿದರು. ಜನ ದಾಟಿ ಹೋಗುತ್ತಿದ್ದರು, ಅವರು ಅದನ್ನು ಲೆಕ್ಕಿಸಲಿಲ್ಲ. ಏಕೆಂದರೆ ಅವರು ಅಲ್ಲಿಗೆ ಹೋಗಿದ್ದು ಸಾಧನೆಗೆ. ನಿಮಗೆ ಬೇಕಾದದ್ದೂ ಅದೇ ಆದರೆ ಜನ ನಿಲ್ಲಲಿಲ್ಲವೆಂದು ಕೊರಗುವ ಕಾರಣವಿಲ್ಲ. ನಿಮ್ಮ ಪತ್ರ ಓದಿದರೆ ನಿಮಗೆ ಬೇಕಾಗಿರುವುದು ಕೇಳುಗರು.

ನಡೆದು ಬರುವವರನ್ನು ದೂರದಿಂದಲೇ ದಿಟ್ಟಿಸಬೇಡಿ. ಅವರಿಗೆ ಅದು ವಸೂಲಿಯ ನೋಟದಂತೆ ಕಾಣುತ್ತದೆ, ದಾರಿ ಬದಲಿಸುತ್ತಾರೆ. ನಿಧಾನವಾದವರ ಕಡೆ, ತಿರುಗಿದವರ ಕಡೆ, ಧಾಟಿಯ ಒಂದು ಸಾಲು ಮುಗಿದ ಗಳಿಗೆಯಲ್ಲಿ ಕತ್ತು ಎತ್ತಿ ಒಂದು ಕ್ಷಣ ನೋಡಿ. ಕಾರ್ಯಕ್ರಮದಲ್ಲಿ ಪಕ್ಕವಾದ್ಯದವರ ಕಡೆ ನೋಡುತ್ತೀರಲ್ಲ, ಅಷ್ಟೇ ಸಹಜವಾಗಿ. ಬಾಯಲ್ಲಿ ವಾದ್ಯವಿರುವುದರಿಂದ ನಗಲಾಗದು, ಹುಬ್ಬು ಏರಿಸಬಹುದು, ವಾದ್ಯದ ಬಾಯನ್ನು ಅವರತ್ತ ಸ್ವಲ್ಪ ಬಾಗಿಸಬಹುದು. ಫೋನ್ ಎತ್ತಿದವರ ಮೇಲೆ ಮುನಿಸು ಬೇಡ. ಅವರು ನಿಂತಿದ್ದಾರೆ, ಅದೇ ಆರಂಭ. ಅವರತ್ತ ತಿರುಗಿ ಧಾಟಿಯ ಸಾಲನ್ನೇ ನುಡಿಸಿ. ಹತ್ತರಲ್ಲಿ ಕೆಲವರಾದರೂ ಫೋನ್ ಇಳಿಸಿ ಕೇಳುತ್ತಾರೆ.

ಹಾಡು ಮುಗಿದಾಗ ನೀವೇನು ಮಾಡುತ್ತೀರಿ? ರೆಕಾರ್ಡಿಂಗಿನಲ್ಲಿ ಸುಮಾರು ಎರಡು ನಿಮಿಷ ಏನೂ ಇಲ್ಲ: ರೀಡ್ (ಬಾಯಿಗಿಡುವ ಪಟ್ಟಿ) ಸರಿಮಾಡುವ ಸದ್ದು, ನೀರು ಕುಡಿಯುವ ಸದ್ದು. ನಾಲ್ಕು ಚಪ್ಪಾಳೆ ಕೇಳಿಸುತ್ತದೆ, ಆಮೇಲೆ ನಿಶ್ಶಬ್ದ. ನಿಂತಿದ್ದವರನ್ನು ನೀವೇ ಕಳಿಸಿಬಿಟ್ಟಂತಾಯಿತು. ಯಕ್ಷಗಾನದ ಮೇಳದವರು ಪ್ರಸಂಗಕ್ಕೆ ಮುಂಚೆ ಚೆಂಡೆ ಮದ್ದಳೆಯ ಅಬ್ಬರ ಬಾರಿಸಿ ಜನ ಬಂದು ಸೇರುವವರೆಗೆ ಬಿಡುವುದಿಲ್ಲವಲ್ಲ, ಸೇರಿದ ಮೇಲೂ ಸದ್ದನ್ನು ಆರಗೊಡುವುದಿಲ್ಲ. ಬೀದಿಯಲ್ಲಿ ಜನ ಸೇರುವುದಕ್ಕೂ ಅದೇ ಶಿಸ್ತು ಬೇಕು. ಏಕೆಂದರೆ ಜನ ನಿಲ್ಲುವುದು ನಿಂತ ಜನರನ್ನು ನೋಡಿ. ಮೊದಲನೆಯವರು ನಿಲ್ಲುವುದು ಕಷ್ಟ, ಮೂರನೆಯವರಿಗೆ ಸುಲಭ, ಹತ್ತನೆಯವರಿಗೆ ಏನಾಗುತ್ತಿದೆ ನೋಡೋಣವೆಂಬ ಕುತೂಹಲವೇ ಸಾಕು. ಆ ಮೊದಲ ಇಬ್ಬರು ಮೂವರನ್ನು ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಹೋಗುವುದೇ ಬೀದಿ ವಾದಕನ ಕಸುಬು. ಹಾಡು ಮುಗಿದ ತಕ್ಷಣ ವಾದ್ಯ ಇಳಿಸಿ, ಅವರ ಮುಖ ನೋಡಿ ಥ್ಯಾಂಕ್ಸ್ ಹೇಳಿ. ಮುಂದಿನದರ ಬಗ್ಗೆ ಒಂದೇ ಒಂದು ವಾಕ್ಯ ಸಾಕು: ಇದು ಯಾವ ಊರಿನ ಹಾಡು, ಯಾವ ಸಿನಿಮಾದ್ದು, ನಿಮಗೆ ಯಾಕೆ ಇಷ್ಟ. 'ನಾನು ದಕ್ಷಿಣ ಭಾರತದ ಕರಾವಳಿಯವನು, ನಮ್ಮಲ್ಲಿ ಈ ವಾದ್ಯವನ್ನು ದೇವಸ್ಥಾನದಲ್ಲಿ ನುಡಿಸುತ್ತೇವೆ' ಎಂದು ಒಮ್ಮೆ ಹೇಳಿ ನೋಡಿ. ಅದನ್ನು ಕೇಳಿದವರು ಸುಲಭವಾಗಿ ಹೋಗುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಹತ್ತು ಸೆಕೆಂಡಿನೊಳಗೆ ಮುಂದಿನ ಹಾಡು ಶುರುವಾಗಿರಲಿ.

ನಿಲ್ಲುವ ಜಾಗ ನಿಮ್ಮ ಅರ್ಧ ಕೆಲಸ ಮಾಡುತ್ತದೆ. ದಾರಿಯ ನಡುವೆ, ಎಲ್ಲ ದಿಕ್ಕಿಗೂ ತೆರೆದುಕೊಂಡು ನಿಲ್ಲಬೇಡಿ. ಬೆನ್ನಿಗೆ ಗೋಡೆಯೋ ಕಟ್ಟಡವೋ ಇದ್ದರೆ ಹಿಂದಕ್ಕೆ ಹೋಗುವ ಶಬ್ದವೂ ಮುಂದಕ್ಕೆ ಬರುತ್ತದೆ; ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುವುದರಿಂದ ಇದು ಸಣ್ಣ ಲಾಭವಲ್ಲ. ನಿಮ್ಮ ಮುಂದೆ ಮೂರು ನಾಲ್ಕು ಮೀಟರ್ ಖಾಲಿ ಇರಲಿ, ಅದರಾಚೆ ದಾರಿ. ನಿಂತವರು ನಡೆಯುವವರಿಗೆ ಅಡ್ಡವಾದರೆ ಮುಜುಗರಪಟ್ಟು ಹೋಗಿಬಿಡುತ್ತಾರೆ. ಬೇಸಿಗೆಯಲ್ಲಿ ಕೇಳುಗರು ನಿಲ್ಲುವ ಕಡೆ ನೆರಳಿರಬೇಕು, ಶರತ್ಕಾಲದಲ್ಲಿ ಬಿಸಿಲು. ನೀವು ನೆರಳಲ್ಲಿದ್ದು ಅವರನ್ನು ಬಿಸಿಲಲ್ಲಿ ನಿಲ್ಲಿಸಿದರೆ ಯಾವ ಸಂಗೀತವೂ ತಡೆಯದು. ಸ್ಮಾರಕದ ಹತ್ತಿರ ನಿಲ್ಲಬಾರದೆಂಬ, ಕೆಲವು ಕಡೆ ವಾದ್ಯವೇ ಕೂಡದೆಂಬ ನಿಯಮಗಳು ನ್ಯೂಯಾರ್ಕ್ ಪಾರ್ಕುಗಳಲ್ಲಿವೆ, ಫಲಕ ಓದಿಕೊಳ್ಳಿ. ಒಂದೇ ಜಾಗದಲ್ಲಿ ಇಡೀ ದಿನ ನಿಲ್ಲಬೇಡಿ. ನಡೆಯುವವರು ಬದಲಾಗುತ್ತಿರುತ್ತಾರೆ, ಸುತ್ತಲಿನ ಮನೆಗಳವರು ಬದಲಾಗುವುದಿಲ್ಲ. ಅದೇ ಆರು ಹಾಡು ಆರನೇ ಸಲ ಕೇಳಿದವರು ಪೊಲೀಸರಿಗೆ ಫೋನ್ ಮಾಡಿದರೆ ಅವರದು ತಪ್ಪಲ್ಲ.

ಈಗ ಪೆಟ್ಟಿಗೆಯ ವಿಷಯ. ಇದರಲ್ಲಿ ನೀವು ಕೇಳದ ಒಂದು ಮಾತನ್ನು ಮೊದಲು ಹೇಳಬೇಕು, ಏಕೆಂದರೆ ಇದು ಗಂಭೀರ. ನೀವು ಅಲ್ಲಿ ವಿದ್ಯಾರ್ಥಿ. ವಿದ್ಯಾರ್ಥಿ ವೀಸಾದಲ್ಲಿರುವವರು ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಪೆಟ್ಟಿಗೆಗೆ ಬೀಳುವ ಡಾಲರ್ ಆದಾಯವೇ, ಅದಕ್ಕೆ ತೆರಿಗೆಯೂ ಇದೆ. 'ಸಂತೋಷಕ್ಕೆ ಕೊಟ್ಟದ್ದು' ಎಂಬ ವಾದ ವಲಸೆ ಅಧಿಕಾರಿಯ ಮುಂದೆ ನಿಲ್ಲುತ್ತದೆಂದು ನಂಬಿ ಕೂರಬೇಡಿ. ನಿಮ್ಮ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಇರುತ್ತದೆ, ಅಲ್ಲಿ ಕೇಳಿ. ಅಗತ್ಯವಾದರೆ ವಲಸೆ ವಕೀಲರನ್ನು ಕಾಣಿ. ಅಲ್ಲಿಯವರೆಗೆ ಪೆಟ್ಟಿಗೆ ಮುಚ್ಚಿ ಹಿಂದೆ ಇಡಿ. ಇಷ್ಟು ವರ್ಷದ ಓದನ್ನು ಕೆಲವು ನೋಟುಗಳಿಗಾಗಿ ಅಪಾಯಕ್ಕೆ ಒಡ್ಡಬಾರದು.

ಪೆಟ್ಟಿಗೆ ಮುಚ್ಚಿದರೆ ಕೇಳುಗರ ನಡತೆಯೂ ಬದಲಾಗುತ್ತದೆ. ಕೆಲವರು ಇನ್ನೂ ಹತ್ತಿರ ಬರುತ್ತಾರೆ, ಏನೂ ಕೊಡಬೇಕಾಗಿಲ್ಲವೆಂಬ ನಿರಾಳ. ಇನ್ನು ಕೆಲವರಿಗೆ ತಳಮಳ, ಕೃತಜ್ಞತೆ ತೋರಿಸುವ ದಾರಿ ಕಾಣದೆ. ಅವರಿಗೆ ನಿಮ್ಮ ಥ್ಯಾಂಕ್ಸ್ ಸಾಕು. ಮುಂದೆ ಕಾನೂನಿನ ಅಡ್ಡಿ ಇಲ್ಲವಾದಾಗ ಪೆಟ್ಟಿಗೆಯನ್ನು ಧೈರ್ಯವಾಗಿ ತೆರೆದಿಡಿ. ಅದನ್ನು ನಿಮ್ಮ ಕಾಲ ಬುಡದಲ್ಲಿ ಇಡದೆ ಒಂದು ಹೆಜ್ಜೆ ಪಕ್ಕಕ್ಕಿಡಿ. ಹಣ ಹಾಕಲು ನಿಮ್ಮ ಮುಖದ ಮುಂದೆಯೇ ಬಗ್ಗಬೇಕಾದರೆ ಸಂಕೋಚದ ಜನ ಹಾಕುವುದೇ ಇಲ್ಲ.

ಅಮ್ಮನ ಕಣ್ಣೀರಿಗೆ ನಾನು ಹೊರಗಿನವರಾಗಿ ಏನು ಹೇಳಲಿ? ಅವರು ಕಂಡದ್ದು ಪರದೇಶದ ಬೀದಿಯಲ್ಲಿ ಮಗನ ಮುಂದೆ ತೆರೆದ ಪೆಟ್ಟಿಗೆಯನ್ನು, ಹೆದರಿದರು. ಹರಿದಾಸರು ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿ ಮಧುಕರ ವೃತ್ತಿಯಿಂದ ಬದುಕಿದ್ದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಅದನ್ನು ವಾದವಾಗಿ ಒಡ್ಡಬೇಡಿ. ಒಂದು ಶನಿವಾರ ಜೊತೆಗಾರನೊಂದಿಗೆ ನುಡಿಸುವಾಗ ಯಾರಾದರೂ ಸ್ನೇಹಿತರ ಕೈಗೆ ಫೋನ್ ಕೊಟ್ಟು ಅಮ್ಮನಿಗೆ ಕರೆ ಮಾಡಿಸಿ. ಫೋನನ್ನು ಕೇಳುಗರ ಕಡೆಗೆ ತಿರುಗಿಸಲು ಹೇಳಿ. ನಿಮ್ಮನ್ನು ಅವರು ದಿನವೂ ನೋಡುತ್ತಾರೆ, ನಿಮ್ಮನ್ನು ಕೇಳುತ್ತಿರುವ ಮುಖಗಳನ್ನು ನೋಡಿಲ್ಲ.

ಇನ್ನು ಚಳಿ. ಹತ್ತು ಡಿಗ್ರಿಗಿಂತ ಕೆಳಗೆ ಹೊರಗೆ ನುಡಿಸುವುದು ಬೇಡ. ವಾದ್ಯದೊಳಗಿನ ಗಾಳಿ ತಣ್ಣಗಾದಂತೆ ಶ್ರುತಿ ಇಳಿಯುತ್ತದೆ, ಬೆರಳು ಮರಗಟ್ಟುತ್ತದೆ, ಪ್ಯಾಡ್‌ಗಳಿಗೂ ಒಳ್ಳೆಯದಲ್ಲ. ಆಗ ಸಬ್‌ವೇಗೆ, ಅಂದರೆ ನೆಲದಡಿಯ ರೈಲು ನಿಲ್ದಾಣಗಳಿಗೆ, ಇಳಿಯಿರಿ. ಅಲ್ಲಿ 1985ರಿಂದ ಸಾರಿಗೆ ಸಂಸ್ಥೆಯೇ 'ಮ್ಯೂಸಿಕ್ ಅಂಡರ್ ನ್ಯೂಯಾರ್ಕ್' ಎಂಬ ಹೆಸರಿನಲ್ಲಿ ಶುರುವಾದ ಯೋಜನೆ ನಡೆಸುತ್ತಿದೆ. ಆಡಿಷನ್‌ನಲ್ಲಿ ಆಯ್ಕೆಯಾದವರಿಗೆ ಒಳ್ಳೆಯ ಜಾಗ, ನಿಗದಿಯಾದ ಹೊತ್ತು ಸಿಗುತ್ತದೆ. ಆಯ್ಕೆಯಾಗದವರೂ ನಿಯಮ ಪಾಲಿಸಿ ನುಡಿಸಬಹುದು. ಪ್ಲಾಟ್‌ಫಾರ್ಮಿನಲ್ಲಿ ಧ್ವನಿವರ್ಧಕ ನಿಷಿದ್ಧ, ಐದು ಅಡಿ ದೂರದಲ್ಲಿ 85 ಡೆಸಿಬಲ್ ದಾಟುವಂತಿಲ್ಲ. ಸ್ಯಾಕ್ಸೊಫೋನ್ ಜೋರಾಗಿ ಊದಿದರೆ ಆ ಮಿತಿ ಸಲೀಸಾಗಿ ದಾಟುತ್ತದೆ, ಹಾಗಾಗಿ ಮೆಲುದನಿಯಲ್ಲಿ ತುಂಬುನಾದ ತರುವ ಅಭ್ಯಾಸ ಈಗಲೇ ಶುರುಮಾಡಿ.

ಮೇಲಿನ ಲೆಕ್ಕ ಅಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಇರುವವರು ನಡೆಯುತ್ತಿಲ್ಲ, ಕಾಯುತ್ತಿದ್ದಾರೆ. ಮೂರೋ ಐದೋ ನಿಮಿಷ ಅವರು ನಿಮ್ಮವರು. ಆಮೇಲೆ ರೈಲು ಬಂದು ಎಲ್ಲರನ್ನೂ ಕರೆದೊಯ್ಯುತ್ತದೆ, ಹೊಸಬರು ಬರುತ್ತಾರೆ. 32 ಬಾರ್‌ನ ಹಾಡಿಗೆ ಒಮ್ಮೆ ಧಾಟಿ, ಎರಡು ಕೋರಸ್ ಸೋಲೋ, ಮತ್ತೆ ಧಾಟಿ: ನಾಲ್ಕು ನಿಮಿಷದ ಆ ಕಟ್ಟು ಅಲ್ಲಿಗೆ ಹೇಳಿ ಮಾಡಿಸಿದ್ದು. ರೈಲಿನ ಸದ್ದು ಬಂದಾಗ ಅದರ ಜೊತೆ ಗುದ್ದಾಡಬೇಡಿ, ನಿಲ್ಲಿಸಿ. ರೈಲು ಹೋದ ಮೇಲೆ ಬಿಟ್ಟ ಬಾರಿನಿಂದಲೇ ಎತ್ತಿಕೊಳ್ಳಿ. ನಡುವೆ ಎಷ್ಟು ಬಾರ್ ಕಳೆಯಿತೆಂದು ಎಣಿಸಿಕೊಂಡಿದ್ದು ಅಷ್ಟು ಮುಂದಿನಿಂದ ಎತ್ತಿಕೊಂಡರೆ ಇನ್ನೂ ಚೆಂದ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಬಿಟ್ಟುಬಿಡಬೇಕೇ ಎಂದು ಕೇಳಿದ್ದೀರಿ. ಬೇಡ. ಬರುವ ಶನಿವಾರ ಮೂರು ಹಾಡು ಮಾತ್ರ ತಯಾರು ಮಾಡಿಕೊಂಡು ಹೋಗಿ: ಎರಡು ಬ್ಲೂಸ್, ಮತ್ತು ಅದೇ ಸ್ಟ್ಯಾಂಡರ್ಡ್, ಪ್ರತಿ ಕೋರಸ್ಸಿನ ಕೊನೆಗೆ ಧಾಟಿಗೆ ಮರಳುವಂತೆ. ಫೋನನ್ನು ಹಿಂದೆ ಗೋಡೆಗೆ ಒರಗಿಸಿಟ್ಟು ನಿಮ್ಮ ಬೆನ್ನ ಕಡೆಯಿಂದ ರೆಕಾರ್ಡ್ ಮಾಡಿ. ಮನೆಗೆ ಹೋಗಿ ನೋಡುವಾಗ ಜನ ಯಾವ ಬಾರಿನಲ್ಲಿ ತಿರುಗಿದರು, ಯಾವ ಬಾರಿನಲ್ಲಿ ಹೊರಟರು ಎಂದು ಬರೆದಿಟ್ಟುಕೊಳ್ಳಿ. ಆ ಹಾಳೆಯನ್ನೂ ಹೊಸ ರೆಕಾರ್ಡಿಂಗನ್ನೂ ನನಗೆ ಕಳಿಸಿ, ಮುಂದಿನದನ್ನು ಅದರ ಮೇಲೆ ಮಾತಾಡೋಣ.